ಸಂಡೂರಿನ ಕೆಂಪು, ಹಂಪಿಯ ಬಿಸಿಲು, ಒಂದು ಕಪ್ಪು-ಬಿಳುಪು ರೋಲ್

2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ-ಗಂಗಾವತಿ ಸೇತುವೆ ಮುಳುಗಿದಾಗ ನಾನು ಕಂಪ್ಲಿ ಕೋಟೆ ಕಡೆ ಇದ್ದೆ. ಕೈಯಲ್ಲಿ ಮಾಮನ ಹಳೇ ಪೆಂಟಾಕ್ಸ್ ಕೆ1000, ಒಳಗೆ 36 ಚಿತ್ರದ ಒಂದು ಕಪ್ಪು-ಬಿಳುಪು ರೋಲ್. ಸಾಮಾನು ಹೊತ್ತು ಎತ್ತರಕ್ಕೆ ಬರ್ತಿದ್ದ ಮನೆಯವರು, ದಂಡೆ ಮೇಲೆ ಬೋರಲು ಹಾಕಿದ್ದ ಹರಿಗೋಲು, ನೀರೊಳಗೆ ನಿಂತ ಭತ್ತದ ಗದ್ದೆ, ಎಲ್ಲ ತೆಗೆದೆ. ರೋಲ್ ತೊಳೆಸೋಕೆ ದೊಡ್ಡ ಊರಿನ ಒಂದು ಲ್ಯಾಬ್‌ಗೆ ಕೊರಿಯರ್ ಮಾಡಿದೆ. ಹತ್ತು ದಿನಕ್ಕೆ ವಾಪಸ್ ಬಂದದ್ದು ಗಾಜಿನಂಗೆ ಸ್ವಚ್ಛವಾದ ಒಂದು ಪಟ್ಟಿ. ಚಿತ್ರ ಇರಲಿ, ಅಂಚಿನಲ್ಲಿ ಕಂಪನಿಯವರೇ ಮುದ್ರಿಸಿರುವ ನಂಬರ್ ಕೂಡ ಇರಲಿಲ್ಲ.

ಆ ಅಂಚಿನ ನಂಬರ್ ನೆನಪಿಟ್ಟುಕೊಳ್ಳಿ. ಖಾಲಿ ಫಿಲಂ ಬಂದು, ಅಂಚಿನಲ್ಲಿ ನಂಬರ್ ಇದ್ದರೆ ತಪ್ಪು ಕ್ಯಾಮೆರಾದ್ದು ಅಥವಾ ನಿಮ್ಮದು. ರೋಲ್ ಒಳಗೆ ತಿರುಗೇ ಇರಲ್ಲ. ನಂಬರೂ ಇಲ್ಲ ಅಂದರೆ ತಪ್ಪು ತೊಳೆದವರದ್ದು. ನನ್ನ ರೋಲನ್ನು ಕಲರ್ ನೆಗೆಟಿವ್ ತೊಳೆಯುವ ಸಿ-41 ಮಷೀನಿಗೆ ಹಾಕಿದ್ದರು. ಕಲರ್ ಫಿಲಂನಲ್ಲಿ ಕೊನೆಗೆ ಉಳಿಯೋದು ಬಣ್ಣದ ಡೈ, ಬೆಳ್ಳಿಯನ್ನು ಪೂರ್ತಿ ತೆಗೆದುಹಾಕುತ್ತಾರೆ. ಸಾಮಾನ್ಯ ಕಪ್ಪು-ಬಿಳುಪು ಫಿಲಂನಲ್ಲಿ ಚಿತ್ರ ಅನ್ನೋದೇ ಬೆಳ್ಳಿ. ಆ ಮಷೀನು ಮೊದಲು ನನ್ನ ಚಿತ್ರ ಮೂಡಿಸಿ, ಆಮೇಲೆ ಅದನ್ನೇ ಕರಗಿಸಿ ಚರಂಡಿಗೆ ಬಿಟ್ಟಿದೆ. ಅವತ್ತಿಂದ ನನ್ನ ರೋಲ್ ನಾನೇ ತೊಳೀತೀನಿ, ಹೊಸಪೇಟೆಯ ಮನೆಯ ಬಚ್ಚಲಲ್ಲಿ.

ಫೋನ್ ಇರುವಾಗ ಇದ್ಯಾಕೆ ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಊರಿನ ಪಕ್ಕದಲ್ಲೇ ಇದೆ.

ರಥದ ಮೇಲಿದ್ದ ಗೋಪುರ

ನಿಮ್ಮ ಜೇಬಿನಲ್ಲಿ ಐವತ್ತರ ನೋಟು ಇದ್ದರೆ ತಿರುಗಿಸಿ ನೋಡಿ: ಹಂಪಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಮೇಲೆ ಮಟ್ಟಸ ಚಾವಣಿ. ಆದರೆ 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಅನ್ನುವ ಮದ್ರಾಸ್ ಸೇನೆಯ ಅಧಿಕಾರಿ ತೆಗೆದ ಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಅದಿಲ್ಲ. ಗ್ರೀನ್‌ಲಾ ಬಳಸಿದ್ದು ಮೇಣ ಹೀರಿಸಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್. ಅವು ಉಳಿದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅದೇ ಕೋನದಲ್ಲಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಡೆ ಹೋಯಿತು, ಯಾವುದನ್ನು ರಿಪೇರಿ ಮಾಡಿದರು ಅಂತ ಯಾರ ಮಾತೂ ಕೇಳದೆ ಗೊತ್ತಾಗುತ್ತೆ.

ಹಂಪಿಗೆ ಅದಕ್ಕಿಂತ ಹಳೆಯ ಕ್ಯಾಮೆರಾ ಒಂದಿದೆ, ಬಿಡಿ. ವಿರೂಪಾಕ್ಷ ದೇವಸ್ಥಾನದ ಹಿಂದಿನ ಒಂದು ಕತ್ತಲೆ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರಿನ ಗೋಡೆಗೆ ರಾಜಗೋಪುರವನ್ನು ತಲೆಕೆಳಗಾಗಿ ಬೀಳಿಸುತ್ತೆ. ಗೈಡ್‌ಗಳು ಪವಾಡದ ಥರ ತೋರಿಸ್ತಾರೆ. ಪಿನ್‌ಹೋಲ್ ಕ್ಯಾಮೆರಾದ ಪಾಠ ಅಷ್ಟೇ. ಆ ಗೋಡೆಗೆ ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣ ಬಳಿದಿದ್ದರೆ ಅದೇ ಫಿಲಂ.

ನೆಗೆಟಿವ್ ಸುಳ್ಳು ಹೇಳಲ್ಲ ಅಂತ ನಾನು ಹೇಳ್ತಿಲ್ಲ. ಎದುರಿಗಿರೋದನ್ನೇ ಜೋಡಿಸಿ ನಿಲ್ಲಿಸಿದರೆ ಯಾವ ಕ್ಯಾಮೆರಾ ಆದರೂ ಸುಳ್ಳು ಹೇಳುತ್ತೆ. ಆದರೆ ಮೂರು ಸಾಲು ಟೈಪ್ ಮಾಡಿದರೆ ನಡೆಯದ ಪ್ರತಿಭಟನೆಯ ಚಿತ್ರ ಸಿಗುವ ಕಾಲದಲ್ಲಿ, ಒಂದು ಹೊತ್ತಿನಲ್ಲಿ ಒಂದು ಜಾಗದಲ್ಲಿ ಬೆಳಕು ಬಿದ್ದು ಬದಲಾದ ವಸ್ತು ಕೈಯಲ್ಲಿರೋದಕ್ಕೆ ಬೆಲೆ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ, ಹ್ಯಾಷ್ ಮೌಲ್ಯ ಎಲ್ಲ ಕೇಳುತ್ತಾರೆ. ನೆಗೆಟಿವನ್ನು ಸ್ಕ್ಯಾನ್ ಮಾಡಿದ ಕೂಡಲೇ ಆ ಸ್ಕ್ಯಾನ್ ಕೂಡ ಎಲೆಕ್ಟ್ರಾನಿಕ್ ಆಗುತ್ತೆ. ಹಾಗಾಗಿ ಮೂಲ ಪಟ್ಟಿಯನ್ನು ಜೋಪಾನ ಮಾಡೋದೇ ಅರ್ಧ ಕೆಲಸ.

ರೋಲ್, ಕ್ಯಾಮೆರಾ, ಖರ್ಚು

ಒಂದು ಕಾಲದಲ್ಲಿ ನಮ್ಮ ಸ್ಟುಡಿಯೋಗಳಿಗೆ ರೋಲ್ ಬರ್ತಿದ್ದದ್ದು ಊಟಿಯಿಂದ. 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ಕಪ್ಪು-ಬಿಳುಪು ಫಿಲಂ, ಪೇಪರ್, ಎಕ್ಸ್‌ರೇ ಫಿಲಂ ಮಾಡ್ತಿತ್ತು. 90ರ ದಶಕದಲ್ಲಿ ಅದು ರೋಗಗ್ರಸ್ತ ಉದ್ಯಮ ಅನ್ನಿಸಿಕೊಂಡಿತು, ಆಮೇಲೆ ಬಾಗಿಲು ಮುಚ್ಚಿತು. ಹೀಗಾಗಿ ಇವತ್ತು 'ಅಗ್ಗದ' ರೋಲ್ ಅಂದರೂ ಆಮದು ಮಾಲೇ. ಹೆಚ್ಚಾಗಿ ಸಿಗೋದು ಎರಡು: ಚೆಕ್ ದೇಶದ ಫೋಮಾ ಕಂಪನಿಯ ಫೋಮಾಪಾನ್ (100, 200, 400), ಮತ್ತು ಇಲ್ಫರ್ಡ್ ಫಿಲಂ ಮಾಡುವ ಇಂಗ್ಲೆಂಡಿನ ಹಾರ್ಮನ್ ಕಂಪನಿಯದ್ದೇ ಆದ ಕೆಂಟ್‌ಮಿಯರ್ (100, 400). ಕಲಿಯೋರಿಗೆ ಇವೆರಡೇ ಸಾಕು. ಹೆಚ್ಚು ತೆಗೆಯೋರು 100 ಅಡಿಯ ದೊಡ್ಡ ಸುರುಳಿ ಕೊಂಡು, ಬಲ್ಕ್ ಲೋಡರ್‌ನಿಂದ ಹಳೇ ಡಬ್ಬಿಗಳಿಗೆ ತುಂಬಿಕೊಳ್ಳಬಹುದು. 36 ಚಿತ್ರದ ರೋಲ್ 18ರ ತನಕ ಆಗುತ್ತೆ. ನಾವು ನಾಲ್ಕು ಜನ ಚಂದಾ ಹಾಕಿ ಹಾಗೇ ಮಾಡ್ತೀವಿ.

ಕ್ಯಾಮೆರಾ ಕೊಳ್ಳೋಕೆ ಮುಂಚೆ ಮನೆಯ ಅಟ್ಟ ನೋಡಿ. 90ರ ದಶಕದ ಕೊಡಕ್ ಕೆಬಿ-10 ಎಷ್ಟೋ ಮನೆಯ ಬೀರುವಿನಲ್ಲಿ ಮದುವೆ ಆಲ್ಬಮ್ ಜೊತೆ ಮಲಗಿದೆ. 400ರ ರೋಲ್ ಹಾಕಿ ಹಗಲು ಹೊತ್ತು ತೆಗೆದರೆ ಕೆಲಸ ಮಾಡುತ್ತೆ. ಅದಕ್ಕೂ ಹಿಂದಿನ ಆಗ್ಫಾ ಕ್ಲಿಕ್ III ಸಿಕ್ಕರೆ 120 ರೋಲ್ ಬೇಕು. ಆದರೆ ಈ ಲೇಖನದಲ್ಲಿ ಮುಂದೆ ಹೇಳುವ ಕೆಲಸಕ್ಕೆ ಶಟರ್, ಅಪರ್ಚರ್ ಕೈಯಲ್ಲಿ ತಿರುಗಿಸುವ ಕ್ಯಾಮೆರಾನೇ ಬೇಕು.

ಹಂಪಿಯ ಮಧ್ಯಾಹ್ನ

ಹಂಪಿಯಲ್ಲಿ ಮೀಟರ್ ಕೆಟ್ಟರೂ ಚಿಂತೆ ಇಲ್ಲ. ಚಳಿಗಾಲದಿಂದ ಬೇಸಿಗೆ ತನಕ ಬಿಸಿಲು ಒಂದೇ ಥರ. ಅಪರ್ಚರ್ ಎಫ್/16 ಇಟ್ಟು, ಶಟರ್ ವೇಗವನ್ನು ಫಿಲಂನ ನಂಬರಿಗೆ ಸಮ ಮಾಡಿ: 100ರ ರೋಲ್‌ಗೆ 1/125. ಕಷ್ಟ ಇರೋದು ಬಂಡೆಗೂ ಮಂಟಪದ ನೆರಳಿಗೂ ಇರುವ ಅಂತರದಲ್ಲಿ. ಬಂಡೆ ಸರಿಯಾಗಿ ಬಂದರೆ ಮಂಟಪದೊಳಗೆ ಬರೀ ಕತ್ತಲು. ಹಳಬರ ಸೂತ್ರ: ನೆರಳಿಗೆ ಬೆಳಕು ಕೊಡು, ಬೆಳಕನ್ನು ಡೆವಲಪರ್‌ನಲ್ಲಿ ಹಿಡಿ. ಅಂದರೆ 400ರ ರೋಲನ್ನು 200 ಅಂದುಕೊಂಡು ತೆಗೆಯಿರಿ, ಆಮೇಲೆ ಡೆವಲಪರ್ ಸಮಯ 15ರಿಂದ 20 ಪರ್ಸೆಂಟ್ ಕಡಿಮೆ ಮಾಡಿ. ಫೋಮಾಪಾನ್ 400ಕ್ಕೆ ಇದು ಎರಡು ಪಟ್ಟು ಒಳ್ಳೇದು, ಆ ಡಬ್ಬಿಯ ಮೇಲಿನ 400 ಸ್ವಲ್ಪ ಚುನಾವಣಾ ಪ್ರಣಾಳಿಕೆಯ ಥರ.

ಮಂಟಪದ ಒಳಗೆ ತೆಗೆಯುವಾಗ ಇನ್ನೊಂದು ಲೆಕ್ಕ. ಮಂದ ಬೆಳಕಿನಲ್ಲಿ ಫಿಲಂ ಸೋಮಾರಿ ಆಗುತ್ತೆ. ಫೋಮಾಪಾನ್‌ಗೆ ಮೀಟರ್ 1 ಸೆಕೆಂಡ್ ಅಂದರೆ 2 ಕೊಡಬೇಕು. 10 ಅಂದರೆ 80. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಂತ ಕೆತ್ತನೆಯ ಮೇಲೆ ಕ್ಯಾಮೆರಾ ಇಡಬೇಡಿ.

ಸಂಡೂರಿನಲ್ಲಿ ಕೆಂಪು ಮಾಯ

ನನ್ನ ದೊಡ್ಡ ಪಾಠ ಆದದ್ದು ಸಂಡೂರಿನಲ್ಲಿ. ರಸ್ತೆ ಬದಿಯಿಂದ ಒಂದು ಗುಡ್ಡ ತೆಗೆದೆ: ಅರ್ಧ ಕಾಡು, ಇನ್ನರ್ಧ ಅದಿರಿಗೆ ಅಗೆದು ರಕ್ತ ಬಂದಂಗಿರುವ ಮೆಟ್ಟಿಲುಗಳು. ಕಣ್ಣಿಗೆ ರಾಚುವ ದೃಶ್ಯ. ತೊಳೆದು ನೋಡಿದರೆ ಇಡೀ ಗುಡ್ಡ ಒಂದೇ ಬೂದಿ ಬಣ್ಣ. ಗಾಯ ಎಲ್ಲಿ, ಕಾಡು ಎಲ್ಲಿ ಗೊತ್ತಾಗಲ್ಲ. ಕಾರಣ ಸರಳ. ಫಿಲಂ ಬಣ್ಣ ನೋಡಲ್ಲ, ಎಷ್ಟು ಬೆಳಕು ಬಂತು ಅಂತ ಮಾತ್ರ ನೋಡುತ್ತೆ. ಕೆಂಪು ಮಣ್ಣು, ಹಸಿರು ಎಲೆ ಎರಡರಿಂದಲೂ ಹೆಚ್ಚುಕಡಿಮೆ ಅಷ್ಟೇ ಬೆಳಕು ಬಂದರೆ ಎರಡೂ ಒಂದೇ. ಗಣಿಗಾರಿಕೆಯನ್ನು ಇಷ್ಟು ಸುಲಭಕ್ಕೆ ಮುಚ್ಚಿಹಾಕಿದ ಸಾಧನ ಇನ್ನೊಂದಿಲ್ಲ!

ಪರಿಹಾರ ಲೆನ್ಸ್ ಮುಂದೆ ಹಾಕುವ ಬಣ್ಣದ ಫಿಲ್ಟರ್. ಕೆಂಪು ಫಿಲ್ಟರ್ ಕೆಂಪನ್ನು ಬಿಡುತ್ತೆ, ಹಸಿರು-ನೀಲಿಯನ್ನು ತಡೆಯುತ್ತೆ. ಪ್ರಿಂಟಿನಲ್ಲಿ ಅಗೆದ ಮಣ್ಣು ಬೆಳ್ಳಗೆ, ಕಾಡು ಕಪ್ಪಗೆ, ಆಕಾಶ ಇನ್ನೂ ಗಾಢ. ಹಸಿರು ಫಿಲ್ಟರ್ ಹಾಕಿದರೆ ಉಲ್ಟಾ: ಮಣ್ಣು ಕಪ್ಪು, ಎಲೆ ತಿಳಿ. ಎರಡೂ ಸುಳ್ಳಲ್ಲ. ಆದರೆ ಯಾವುದು ಹಾಕಿದ್ದೆ ಅಂತ ಬರೆದಿಡದಿದ್ದರೆ ಅದು ಸುಳ್ಳಾಗಬಹುದು. ಫಿಲ್ಟರ್ ಬೆಳಕು ತಿನ್ನುತ್ತೆ ಅನ್ನೋದೂ ನೆನಪಿರಲಿ: ಹಳದಿಗೆ ಒಂದು ಸ್ಟಾಪ್, ಕಿತ್ತಳೆಗೆ ಸುಮಾರು ಎರಡು, ಗಾಢ ಕೆಂಪಿಗೆ ಮೂರು ಹೆಚ್ಚು ಕೊಡಬೇಕು.

2011ರ ಜುಲೈ ಕೊನೆ ನಮ್ಮ ಜಿಲ್ಲೆಯವರಿಗೆ ಮರೆಯೋದಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು; ಅದೇ ಹೊತ್ತಿಗೆ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳ ಮನೆ-ಅಂಗಡಿಗೆ ಜೆಸಿಬಿ ಬಂತು. ನಾನಾಗ ಎಂಜಿನಿಯರಿಂಗ್ ಓದ್ತಿದ್ದೆ, ಎರಡರ ಚಿತ್ರವನ್ನೂ ಫೋನಲ್ಲಿ ತೆಗೆದಿದ್ದೆ. ಆ ಫೋನ್ ಈಗ ಎಲ್ಲಿದೆ ಅಂತ ಕೇಳಬೇಡಿ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿ, ಉಳಿದವು ಪುನಶ್ಚೇತನದ ಯೋಜನೆ ಪಾಲಿಸಬೇಕು ಅಂತ ಹೇಳಿತು. ಗುಡ್ಡ ನಿಜಕ್ಕೂ ಚೇತರಿಸಿಕೊಳ್ತಿದೆಯಾ? ಗಾಲಿಂಗ್ಸ್ ಮಾಡಿದ್ದನ್ನೇ ನಾವೂ ಮಾಡಬಹುದು: ಸಾರ್ವಜನಿಕ ರಸ್ತೆಯ ಒಂದೇ ಮೈಲಿಗಲ್ಲು, ಒಂದೇ ಲೆನ್ಸ್, ಒಂದೇ ಫಿಲ್ಟರ್, ಒಂದೇ ತಿಂಗಳು, ಪ್ರತಿ ವರ್ಷ. ತಿಂಗಳು ಮುಖ್ಯ. ಮಳೆ ಮುಗಿದ ಮೇಲೆ ಸಂಡೂರು ಎಷ್ಟು ಹಸಿರು ಅಂದರೆ ಯಾವ ಕಂಪನಿಯಾದರೂ ಅದೇ ಫೋಟೋ ಬ್ರೋಷರಿಗೆ ಹಾಕಿಕೊಳ್ಳುತ್ತೆ. ನಾನು ಪ್ರತಿ ಚಿತ್ರದ ಜೊತೆ ಫೋನಲ್ಲೂ ಒಂದು ತೆಗೆದು ಜಾಗ, ಸಮಯ ಉಳಿಸಿಕೊಳ್ತೀನಿ. ಎರಡಕ್ಕೂ ಜಗಳ ಇಲ್ಲ. ಗುತ್ತಿಗೆ ಜಾಗದೊಳಗೆ ನುಗ್ಗಬೇಡಿ. ಕೆಲಸಗಾರರ ಮುಖ ಅವರನ್ನು ಕೇಳದೆ ತೆಗೀಬೇಡಿ, ಕೂಲಿ ಹೋಗೋದು ಅವರದ್ದು.

ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ರೋಲ್ ಬದಲಿಸಬೇಡಿ. ಒಂದು ಕಣ ಕೆಂಪು ಧೂಳು ಫಿಲಂ ಬಾಯಿಯ ಬಟ್ಟೆಗೆ ಸಿಕ್ಕಿಕೊಂಡರೆ 36 ಚಿತ್ರಕ್ಕೂ ಉದ್ದ ಗೀಟು.

ಬಚ್ಚಲಲ್ಲಿ ತೊಳೆಯೋದು

ಬೇಕಾಗಿರೋದು: ಬೆಳಕು ಹೋಗದ ಡೆವಲಪಿಂಗ್ ಟ್ಯಾಂಕ್, ಒಳಗಿನ ರೀಲ್, ಥರ್ಮಾಮೀಟರ್, ಅಳತೆಯ ಜಗ್, ಎರಡು ಬಾಟಲಿ. ಕತ್ತಲೆಗೆ ಚೇಂಜಿಂಗ್ ಬ್ಯಾಗ್ ಒಳ್ಳೇದು. ಇಲ್ಲದಿದ್ದರೆ ರಾತ್ರಿ ಹೊತ್ತು ಕಿಟಕಿಯಿಲ್ಲದ ಕೋಣೆ, ಬಾಗಿಲ ಸಂದಿಗೆ ಕಂಬಳಿ. ಕೆಟ್ಟ ರೋಲ್ ಒಂದನ್ನು ಬೆಳಕಲ್ಲಿ ಹತ್ತು ಸಲ, ಕಣ್ಣು ಮುಚ್ಚಿ ಹತ್ತು ಸಲ ರೀಲಿಗೆ ಸುತ್ತಿ ಅಭ್ಯಾಸ ಮಾಡಿ. ಟ್ಯಾಂಕಿನ ಮುಚ್ಚಳ ಹಾಕಿದ ಮೇಲೆ ಎಲ್ಲ ಕೆಲಸವೂ ಬೆಳಕಲ್ಲೇ.

ಡೆವಲಪರ್‌ಗೆ ಪ್ಯಾಕೆಟ್ ಕೊಳ್ಳಬಹುದು. ಅಗ್ಗವಾಗಬೇಕು ಅಂದರೆ ಕೊಡಕ್‌ನವರು 1927ರಲ್ಲಿ ತಂದ ಡಿ-76 ನೀವೇ ಮಾಡಿ. ಸೂತ್ರ ನೂರು ವರ್ಷದಿಂದ ಬಹಿರಂಗ: 50 ಡಿಗ್ರಿಯ 750 ಮಿ.ಲೀ. ನೀರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ ಅಂದರೆ ನಮ್ಮ ಬಿಳಿಗಾರ 2 ಗ್ರಾಂ, ಇದೇ ಕ್ರಮದಲ್ಲಿ, ಒಂದು ಕರಗಿದ ಮೇಲೆ ಇನ್ನೊಂದು. ಆಮೇಲೆ ತಣ್ಣೀರು ಸೇರಿಸಿ 1 ಲೀಟರ್ ಮಾಡಿ. ಕಾಲೇಜು ಲ್ಯಾಬ್‌ಗಳಿಗೆ ಕೆಮಿಕಲ್ ಕೊಡುವ ಅಂಗಡಿಯಲ್ಲಿ ಎಲ್ಲವೂ ಸಿಗುತ್ತೆ. ಸಲ್ಫೈಟ್ ಬದಲು ಸಲ್ಫೇಟ್ ತರಬೇಡಿ, ಕೇರಂ ಪೌಡರನ್ನು ಬೊರಾಕ್ಸ್ ಅಂದುಕೊಳ್ಳಬೇಡಿ, ಅದು ಬೋರಿಕ್ ಆಸಿಡ್. ಮೆಟಾಲ್ ಕೆಲವರ ಚರ್ಮಕ್ಕೆ ಆಗಲ್ಲ, ಗ್ಲೌಸ್ ಹಾಕಿ.

ಕಾಫಿಯಲ್ಲೂ ತೊಳೆಯಬಹುದು. ತಮಾಷೆ ಅಲ್ಲ. ಲೀಟರ್ ನೀರಿಗೆ ನಿರ್ಜಲ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ; 20 ಡಿಗ್ರಿಯಲ್ಲಿ 15 ನಿಮಿಷ. ಕೆಲಸ ಮಾಡೋದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಸಿಡ್. ಹಾಗಾಗಿ ಚಿಕೋರಿ ಬೆರೆಸಿದ ನಮ್ಮ ಮಾಮೂಲಿ ಪುಡಿ ಸರಿಹೋಗಲ್ಲ, ಪ್ಯಾಕೆಟ್ ಮೇಲೆ ಓದಿ ಶುದ್ಧ ಕಾಫಿ ತನ್ನಿ. ಅಗ್ಗದ ರೊಬಸ್ಟಾನೇ ಇದಕ್ಕೆ ಉತ್ತಮ. ಅಡುಗೆ ಸೋಡಾ ನಡೆಯಲ್ಲ. 100ರ ರೋಲಿಗೆ ಚೆನ್ನಾಗಿ ಬರುತ್ತೆ, 400ಕ್ಕೆ ಮಸುಕು ಹಿಡಿಯುತ್ತೆ. ವಾಸನೆ ಬಗ್ಗೆ ನಮ್ಮವ್ವ ಹೇಳಿದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಪುಸ್ತಕಗಳೆಲ್ಲ 20 ಡಿಗ್ರಿ ಅಂತವೆ. ಅವನ್ನು ಬರೆದವರು ಏಪ್ರಿಲ್‌ನಲ್ಲಿ ಹೊಸಪೇಟೆಯ ಸಿಂಟೆಕ್ಸ್ ಟ್ಯಾಂಕಿನ ನೀರು ಮುಟ್ಟಿಲ್ಲ. ನನ್ನ ಉಪಾಯ ಮಣ್ಣಿನ ಮಡಕೆ. ನಮ್ಮ ಕಡೆ ಗಾಳಿ ಒಣ, ಆವಿ ಬೇಗ ಹೋಗುತ್ತೆ, ಹೊರಗೆ 40 ಇದ್ದರೂ ಮಡಕೆಯ ನೀರು 25-26ಕ್ಕೆ ಇಳಿಯುತ್ತೆ. ಡೆವಲಪರ್ ಬಾಟಲಿಯನ್ನು ಅದರಲ್ಲಿ ಎರಡು ಗಂಟೆ ಮುಳುಗಿಸಿ, ಬೇಕಾದರೆ ಹೊರಗಿನಿಂದ ಎರಡು ತುಂಡು ಐಸ್. 24ಕ್ಕೆ ಬಂದರೆ ಸಾಕು, ಸಮಯ ಕಡಿಮೆ ಮಾಡಿ: ಇಲ್ಫರ್ಡ್ ಎಚ್‌ಪಿ5ಗೆ ಒಂದಕ್ಕೊಂದು ನೀರು ಬೆರೆಸಿದ ಡಿ-76ರಲ್ಲಿ 20 ಡಿಗ್ರಿಗೆ 11 ನಿಮಿಷವಾದರೆ, 24ಕ್ಕೆ ಸುಮಾರು 8. ಐದು ನಿಮಿಷಕ್ಕಿಂತ ಕೆಳಗೆ ಇಳಿಸಬೇಡಿ, ಆಕಾಶದಲ್ಲಿ ಪಟ್ಟೆ ಬರುತ್ತೆ. 24 ಬೇಕೋ 25 ಬೇಕೋ ಅನ್ನೋದಕ್ಕಿಂತ ಎಲ್ಲ ದ್ರಾವಣಗಳೂ ಒಂದೇ ಬಿಸಿ ಇರೋದು ಮುಖ್ಯ. ತಣ್ಣಗಿನ ಡೆವಲಪರ್‌ನಿಂದ ಬಿಸಿ ನಲ್ಲಿ ನೀರಿಗೆ ಹಾಕಿದರೆ ಜಿಲಾಟಿನ್ ಸುಕ್ಕುಗಟ್ಟಿ, ಬತ್ತಿದ ಕೆರೆಯ ಮಣ್ಣಿನಂಗೆ ಬಿರಿಯುತ್ತೆ. ನನ್ನ ಹತ್ತಿರ ಅಂಥ ಒಂದು ರೋಲ್ ಇದೆ. ನೋಡಿದವರು ಕಲೆ ಅಂದುಕೊಳ್ತಾರೆ, ನಾನು ತಿದ್ದಲ್ಲ.

ಡೆವಲಪರ್ ಹಾಕಿ ಮೊದಲ 30 ಸೆಕೆಂಡ್ ಟ್ಯಾಂಕನ್ನು ನಿಧಾನಕ್ಕೆ ಬೋರಲು ಹಾಕಿ ಎತ್ತುತ್ತಾ ಇರಿ, ಆಮೇಲೆ ನಿಮಿಷಕ್ಕೆ 10 ಸೆಕೆಂಡ್. ಚೆಲ್ಲಿ, ಎರಡು ಮೂರು ಸಲ ನೀರು ಬದಲಿಸಿ. ನಂತರ ಹೈಪೋ. ಲೀಟರಿಗೆ 250 ಗ್ರಾಂ ಹೈಪೋ ಹರಳು ಹಾಕಿದರೆ ಅಗ್ಗದ ಫಿಕ್ಸರ್ ಸಿದ್ಧ. ಎಷ್ಟು ಹೊತ್ತು? ರೋಲಿನಿಂದ ಕತ್ತರಿಸಿದ ನಾಲಿಗೆಯ ತುಂಡನ್ನು ಬೆಳಕಲ್ಲೇ ಅದರಲ್ಲಿ ಮುಳುಗಿಸಿ, ಪಾರದರ್ಶಕ ಆಗೋಕೆ ಹಿಡಿದ ಸಮಯದ ಎರಡು ಪಟ್ಟು. ತೊಳೆಯೋಕೆ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ನಿಲ್ಲಬೇಕಿಲ್ಲ, ನಲ್ಲಿ ದಿನಾ ಬರಬೇಕಲ್ಲ. ಇಲ್ಫರ್ಡ್‌ನವರ ವಿಧಾನ: ಟ್ಯಾಂಕ್ ತುಂಬಿ 5 ಸಲ ತಿರುಗಿಸಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ. ಕೊನೆಯ ನೀರು ಮಾತ್ರ ಬೋರ್‌ವೆಲ್‌ದು ಬೇಡ, ಒಣಗಿದ ಮೇಲೆ ಬಿಳಿ ಕಲೆ ಬೀಳುತ್ತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಚ್ಚಲ ನೆಲಕ್ಕೆ ನೀರು ಹೊಡೆದು ಧೂಳು ಕೂತ ಮೇಲೆ ಅಲ್ಲೇ ತಂತಿಗೆ ನೇತುಹಾಕಿ, ಬಾಗಿಲು ಮುಚ್ಚಿ.

ಬಳಸಿದ ಹೈಪೋದಲ್ಲಿ ಬೆಳ್ಳಿ ಇದೆ. ಅದನ್ನು ಕಾಲುವೆಗೆ ಚೆಲ್ಲಿ ಗಣಿ ಮಾಲಿನ್ಯದ ಬಗ್ಗೆ ಲೇಖನ ಬರೆಯೋದು ಸರಿಯಲ್ಲ. ಕ್ಯಾನ್‌ನಲ್ಲಿ ಕೂಡಿಟ್ಟು ಸ್ಟೀಲ್ ವುಲ್ ಹಾಕಿಡಿ: ಕಬ್ಬಿಣ ಕರಗುತ್ತೆ, ಬೆಳ್ಳಿ ಕೆಸರಾಗಿ ತಳಕ್ಕೆ ಇಳಿಯುತ್ತೆ.

ಈ ಬೆಳ್ಳಿಯ ವಿಷಯ ನನಗೆ ಹೇಳಿದ್ದು ಮುಚ್ಚಿದ ಒಂದು ಸ್ಟುಡಿಯೋದ ಹಿರಿಯರು. ಅಂಗಡಿ ಖಾಲಿ ಮಾಡುವಾಗ ನಲವತ್ತು ವರ್ಷದ ನೆಗೆಟಿವ್ ಏನು ಮಾಡಿದ್ರಿ ಕಾಕಾ ಅಂತ ಕೇಳಿದೆ. "ಬೆಳ್ಳಿ ತೆಗೆಯೋರು ಬಂದು ಕೆಜಿ ಲೆಕ್ಕದಾಗ ಒಯ್ದರಪ್ಪ. ಯಾರು ಕೇಳ್ತಾರ ಅವನ್ನ?" ಅಂದರು. ಡ್ಯಾಮ್ ಕೆಲಸಕ್ಕೆ ಬಂದವರು, ಗಣಿ ಕೂಲಿಗಳು, ಸಕ್ಕರೆ ಫ್ಯಾಕ್ಟರಿಯವರು, ಮೊದಲ ಸಲ ಮತದಾರರ ಗುರುತಿಗೆ ಫೋಟೋ ತೆಗೆಸಿಕೊಂಡ ಹೆಂಗಸರು, ಎಲ್ಲ ತೂಕಕ್ಕೆ ಹೋದರು. ನಿಮ್ಮೂರಿನಲ್ಲಿ ಅಂಥ ಸ್ಟುಡಿಯೋ ಇನ್ನೂ ಉಳಿದಿದ್ದರೆ ಈ ವಾರವೇ ಹೋಗಿ ಮಾತಾಡಿ. ಸ್ಕ್ಯಾನ್ ಮಾಡೋಕೆ ದುಬಾರಿ ಯಂತ್ರ ಬೇಡ: ಟ್ಯಾಬ್ಲೆಟ್‌ನ ಬಿಳಿ ಪರದೆ, ಅದರ ಮೇಲೆ ಒಂದಿಂಚು ಎತ್ತರದಲ್ಲಿ ನೆಗೆಟಿವ್, ಮೇಲಿನಿಂದ ಕ್ಯಾಮೆರಾ ಅಥವಾ ಫೋನ್. ಪಿವಿಸಿ ಕವರ್‌ನಲ್ಲಿ ಇಡಬೇಡಿ, ಬರ್ತಾ ಅಂಟುತ್ತೆ; ಪಾಲಿಪ್ರೊಪಿಲೀನ್ ಅಥವಾ ಕಾಗದದ ಲಕೋಟೆ. ಲಕೋಟೆ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು, ಜಾಗ, ಫಿಲಂ, ಫಿಲ್ಟರ್, ಡೆವಲಪರ್ ಸಮಯ.

ಕಾಕಾ ಅವತ್ತು ಅಟ್ಟದಿಂದ ಮೂರು ಬಿಸ್ಕತ್ತಿನ ಡಬ್ಬಿ ಇಳಿಸಿ ಕೊಟ್ಟರು, ತೂಕಕ್ಕೆ ಹಾಕೋದು ಮರೆತಿದ್ದಂತೆ. ಅರ್ಧ ಸ್ಕ್ಯಾನ್ ಮುಗಿದಿದೆ. ಎರಡನೇ ಡಬ್ಬಿಯ ತಳದಲ್ಲಿ ಒಂದು ಲಕೋಟೆ ಸಿಕ್ಕಿತು, ಮೇಲೆ 'ಕಂಪ್ಲಿ, ಹೊಳಿ ಬಂದಿದ್ದು' ಅಂತ ಬರೆದಿದೆ. ಹನ್ನೆರಡು ಚಿತ್ರ, ಎಲ್ಲವೂ ಚೆನ್ನಾಗಿವೆ. ವರ್ಷ ಬರೆದಿಲ್ಲ. ಮುಂದಿನ ವಾರ ಪ್ರಿಂಟ್ ತಗೊಂಡು ಕೋಟೆ ಕಡೆಗೆ ಹೋಗ್ತಿದೀನಿ, ಯಾರಿಗಾದರೂ ನೆನಪಿದೆಯಾ ಕೇಳೋಕೆ.